ಬಾಟ್ಲಿ ಮೇಲಿನ ಲೇಬಲ್ ಕೀಳಬೇಡಿ

ಹೋದ ತಿಂಗಳು ಮಗನ ಗುಳಿಗೆ ತರೋಕೆ ಬಾಗಲಕೋಟೆಯ ನವನಗರಕ್ಕೆ, ಎಚ್‌ಐವಿ ಗುಳಿಗೆ ಕೊಡೋ ಎಆರ್‌ಟಿ ಸೆಂಟರ್‌ಗೆ ಹೋಗಿದ್ದೆ. ಹೊರಗೆ ಬೆಂಚಿನ ಮೇಲೆ ಒಬ್ಬ ಅಜ್ಜಿ ಕೂತಿದ್ದರು, ಪಕ್ಕದಲ್ಲಿ ಏಳೆಂಟು ವರ್ಷದ ಮೊಮ್ಮಗಳು. ಆಗಷ್ಟೇ ಕೊಟ್ಟಿದ್ದ ಹೊಸ ಬಾಟ್ಲಿಯ ಲೇಬಲ್ಲನ್ನು ಅಜ್ಜಿ ಹೆಬ್ಬೆರಳಿನ ಉಗುರಿನಿಂದ ಕೆರೆದು ತೆಗೀತಿದ್ದರು. ನೀರು ಹಚ್ಚೋದು, ಮತ್ತೆ ಕೆರೆಯೋದು, ಅಂಟು ಉಳಿದ ಕಡೆ ಸೆರಗಿನಿಂದ ತಿಕ್ಕೋದು. ನನಗೆ ಕರುಳು ಚುರ್ ಅಂತು. ಐದು ವರ್ಷ ನಾನೂ ಹೀಗೇ ಮಾಡಿದವಳು. ಪಕ್ಕದಲ್ಲಿ ಹೋಗಿ ಕೂತು ಮಾತಾಡಿದೆ, ಆದರೆ ಅಷ್ಟರಲ್ಲಿ ಅವರ ಬಸ್ಸಿನ ಹೊತ್ತಾಯಿತು, ಎದ್ದು ಹೋದರು. ಹೇಳಬೇಕಾದ್ದು ಪೂರ್ತಿ ಹೇಳೋಕೆ ಆಗಲಿಲ್ಲ. ಅದಕ್ಕೇ ಬರೀತಿದ್ದೇನೆ.

ನಮ್ಮದು ಗುಳೇದಗುಡ್ಡ. ನಾನು ಹೊಲಿಗೆ ಮಾಡುತ್ತೇನೆ, ಜಾಸ್ತಿ ಖಣದ ಕುಪ್ಪಸ. ಅಕ್ಕ ತೀರಿಕೊಂಡ ಮೇಲೆ 2014ರಲ್ಲಿ ಅವಳ ಮಗ ನಮ್ಮ ಮನೆಗೆ ಬಂದ. ಆಗ ಅವನಿಗೆ 4 ವರ್ಷ, ತೂಕ 12 ಕಿಲೋ. ನನ್ನನ್ನು ಚಿಗವ್ವ ಅಂತ ಕರೀತಾನೆ. ನನಗೆ ಅವನು ಮಗನೇ. ಅವನಿಗೆ ಹುಟ್ಟಿನಿಂದ ಎಚ್‌ಐವಿ ಇದೆ. ಅಕ್ಕನಿಗೆ ಇತ್ತು, ಗೊತ್ತಾಗೋ ಹೊತ್ತಿಗೆ ತಡವಾಗಿತ್ತು.

ಎಚ್‌ಐವಿ ಗುಳಿಗೆ ಸರಕಾರದಿಂದ ಪುಕ್ಕಟೆ ಸಿಗುತ್ತದೆ, 2004ರಿಂದಲೂ. ಶುರು ಮಾಡೋ ಮುಂಚೆ ಮಗನ ರಕ್ತ ತೆಗೆದರು. ರೋಗದ ಜೊತೆ ಹೋರಾಡೋ ಸಿಡಿ4 ರಕ್ತಕಣ ಎಷ್ಟು, ಹಿಮೋಗ್ಲೋಬಿನ್ ಎಷ್ಟು, ಎಸ್‌ಜಿಪಿಟಿ ಎಷ್ಟು, ಲಿವರ್‌ಗೆ ಹತ್ತೋ ಹೆಪಟೈಟಿಸ್ ಬಿ ವೈರಸ್ ಇದೆಯಾ ಇಲ್ವಾ. ಎಸ್‌ಜಿಪಿಟಿ ಅಂದರೆ ಲಿವರ್ ಒಳಗೆ ಇರೋ ಒಂದು ಪದಾರ್ಥ. ಲಿವರ್‌ಗೆ ಪೆಟ್ಟಾದಾಗ ಅದು ರಕ್ತಕ್ಕೆ ಸೋರುತ್ತದೆ. 40ರ ಒಳಗಿದ್ದರೆ ಸರಿ ಅಂತ ಲೆಕ್ಕ, ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಹೆಚ್ಚುಕಮ್ಮಿ. ಇವನದು 27 ಇತ್ತು. ಈ 27 ಅನ್ನೋ ಅಂಕಿಯ ಬೆಲೆ ನನಗೆ ಗೊತ್ತಾಗಿದ್ದು ಐದು ವರ್ಷ ಆದ ಮೇಲೆ.

ಆಗ ಕೊಟ್ಟಿದ್ದು ಮೂರು ಔಷಧಿ ಸೇರಿದ ಗುಳಿಗೆ. ಜಿಡೊವುಡಿನ್, ಲ್ಯಾಮಿವುಡಿನ್, ನೆವಿರಾಪಿನ್. ನೀರಲ್ಲಿ ಹಾಕಿದರೆ ಕರಗುತ್ತಿತ್ತು, ಚಮಚದಲ್ಲಿ ಕುಡಿಸಬಹುದಿತ್ತು. ಆದರೆ ಮೊದಲ 14 ದಿನದ ಲೆಕ್ಕವೇ ಬೇರೆ. ಬೆಳಿಗ್ಗೆ ಮೂರು ಔಷಧಿಯ ಗುಳಿಗೆ, ಸಂಜೆ ನೆವಿರಾಪಿನ್ ಇಲ್ಲದ ಎರಡು ಔಷಧಿಯ ಗುಳಿಗೆ. ಎರಡು ವಾರ ಆದ ಮೇಲೆ ಎರಡೂ ಹೊತ್ತು ಮೂರು ಔಷಧಿಯದ್ದೇ. ಯಾಕೆ ಹೀಗೆ ಅಂತ ಕೇಳಿದೆ. ನೆವಿರಾಪಿನ್ ಅನ್ನು ಅರಗಿಸಿ ಹೊರಗೆ ಹಾಕೋದನ್ನು ಲಿವರ್ ನಿಧಾನಕ್ಕೆ ರೂಢಿ ಮಾಡಿಕೊಳ್ಳಬೇಕು, ಒಮ್ಮೆಲೇ ಪೂರ್ತಿ ಕೊಟ್ಟರೆ ಮೈಮೇಲೆ ಗುಳ್ಳೆ ಏಳೋದು, ಲಿವರ್‌ಗೆ ಪೆಟ್ಟಾಗೋದು ಜಾಸ್ತಿ ಅಂದರು. ದೊಡ್ಡವರಿಗಿಂತ ಮಕ್ಕಳಲ್ಲಿ ಇದು ಕಡಿಮೆ, ಆದರೂ ಕಣ್ಣಿಡಬೇಕು. ಆ ಎರಡು ವಾರದಲ್ಲಿ ಗುಳ್ಳೆ ಎದ್ದರೆ ಪ್ರಮಾಣ ಏರಿಸಬಾರದು, ಸೀದಾ ಸೆಂಟರ್‌ಗೆ ಬರಬೇಕು.

ಎರಡೂ ಬಾಟ್ಲಿ ಒಂದೇ ತರಹ ಇದ್ದವು. ಸಂಜೆಯದರ ಕುತ್ತಿಗೆಗೆ ಹೊಲಿಗೆಯ ಕೆಂಪು ದಾರ ಸುತ್ತಿ ಮೂರು ಗಂಟು ಹಾಕಿದೆ. ಆಮೇಲೆ ಲೇಬಲ್ ಕಿತ್ತೆ. ಬಿಸಿನೀರಲ್ಲಿ ಹತ್ತು ನಿಮಿಷ ಇಟ್ಟರೆ ಕಾಗದ ಮೆತ್ತಗಾಗುತ್ತದೆ, ನೂಲು ಕತ್ತರಿಸೋ ಬ್ಲೇಡಿನಿಂದ ಎಬ್ಬಿಸಿದರೆ ಒಂದೇ ಪಟ್ಟಿಯಾಗಿ ಬರುತ್ತದೆ. ಅದನ್ನು ಒಲೆಗೆ ಹಾಕುತ್ತಿದ್ದೆ. ನಮ್ಮದು ಗೋಡೆಗೆ ಗೋಡೆ ಹತ್ತಿದ ಮನೆಗಳ ಓಣಿ. ಹಗಲೆಲ್ಲ ಯಾರಾದರೂ ಬರ್ತಾರೆ, ಅಳತೆ ಕೊಡೋಕೆ, ಕುಪ್ಪಸ ಒಯ್ಯೋಕೆ. ಬಂದವರ ಕಣ್ಣು ಗೋಡೆಯ ಮಾಡದಲ್ಲಿರೋ ಬಾಟ್ಲಿ ಮೇಲೆ ಹೋಗೇ ಹೋಗುತ್ತದೆ. ಏನದು ಅಂತ ಯಾರಾದರೂ ಕೇಳಿದರೆ ಶಕ್ತಿ ಗುಳಿಗೆ ಅನ್ನುತ್ತಿದ್ದೆ. ಹುಡುಗ ಹುಟ್ಟಿನಿಂದ ಸೊರಗಿದವ, ನಂಬುತ್ತಿದ್ದರು.

ಐದು ವರ್ಷ ಏನೂ ತೊಂದರೆ ಆಗಲಿಲ್ಲ. ಮಗ ಬೆಳೆದ, ಶಾಲೆಗೆ ಹೋದ, ಓಡಾಡಿದ. ಇದನ್ನು ಒತ್ತಿ ಹೇಳ್ತೀನಿ, ಯಾಕಂದರೆ ಮುಂದಿನದನ್ನು ಓದಿ ಯಾರೂ ಗುಳಿಗೆ ಬಿಡಬಾರದು. ಆ ಗುಳಿಗೆ ಇಲ್ಲದಿದ್ದರೆ ಅವನು ಇವತ್ತು ಇರುತ್ತಿರಲಿಲ್ಲ.

2019ರಲ್ಲಿ, ಅವನಿಗೆ 9 ವರ್ಷ ಇದ್ದಾಗ, ಟಿಬಿ ಬಾರದ ಹಾಗೆ ಐಸೋನಿಯಾಜಿಡ್ ಶುರು ಮಾಡಿದರು. ಎಚ್‌ಐವಿ ಇರೋ ಮಕ್ಕಳಿಗೆ ಟಿಬಿ ಬೇಗ ಹತ್ತುತ್ತದೆ, ಅದಕ್ಕೆ ಆರು ತಿಂಗಳ ಕೋರ್ಸು. ಕಿಲೋಗೆ 10 ಮಿಲಿಗ್ರಾಂ ಲೆಕ್ಕ, ಇವನು 20 ಕಿಲೋ, ದಿನಕ್ಕೆ 200. ಜೊತೆಗೆ ನರಗಳಿಗೆ ತೊಂದರೆ ಆಗದಿರಲಿ ಅಂತ ವಿಟಮಿನ್ ಬಿ6. ಕೌನ್ಸೆಲರ್ ಮೇಡಂ ಕೂರಿಸಿಕೊಂಡು ಹೇಳಿದ್ದರು: ಊಟ ಬೇಡ ಅನ್ನೋದು, ವಾಂತಿ, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಮೂತ್ರ ಗಾಢ ಹಳದಿ, ಕಣ್ಣು ಹಳದಿ, ಇದರಲ್ಲಿ ಒಂದು ಕಂಡರೂ ಅವತ್ತೇ ಫೋನ್ ಮಾಡಬೇಕು. ಹೂಂ ಹೂಂ ಅಂದೆ. ಅವರು ಇನ್ನೊಂದು ಮಾತೂ ಹೇಳಿದ್ದರು, ಬೇರೆ ಏನೇ ಔಷಧಿ ಕೊಡೋ ಮುಂಚೆ ಕೇಳಿ ಅಂತ. ಅದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಎರಡನೇ ತಿಂಗಳಲ್ಲಿ ಜ್ವರ ಬಂತು. ಸೋಮವಾರ. ಮನೆಯಲ್ಲಿ ಪ್ಯಾರಾಸಿಟಮಾಲ್ ಸಿರಪ್ ಇತ್ತು, ಕೊಟ್ಟೆ. ಇಳಿಯಲಿಲ್ಲ. ಸಂಜೆ ನಮ್ಮ ಮನೆಯವರು ಮೆಡಿಕಲ್ ಶಾಪಿಗೆ ಹೋಗಿ, 9 ವರ್ಷದ ಹುಡುಗ, ಜ್ವರ ಅಂದರು. ಬೇರೆ ಏನಾದರೂ ಗುಳಿಗೆ ನಡೆದಿದೆಯಾ ಅಂತ ಅಂಗಡಿಯವರು ಕೇಳಲಿಲ್ಲ. ಕೇಳಿದ್ದರೂ ನಾವು ಹೇಳುತ್ತಿರಲಿಲ್ಲ, ಅದು ಬೇರೆ ಮಾತು. ಒಂದು ಪಟ್ಟಿಯಿಂದ ನಾಲ್ಕು ಗುಳಿಗೆ ಕತ್ತರಿಸಿ ಕೊಟ್ಟು, ಅರ್ಧ ಮಾಡಿ ದಿನಕ್ಕೆ ಎರಡು ಸಲ ಕೊಡಿ ಅಂದರು. ಕೊಟ್ಟೆ. ನಡುವೆ ಸಿರಪ್ಪೂ ಕೊಟ್ಟೆ, ಎರಡೂ ಬೇರೆ ಬೇರೆ ಅಂದುಕೊಂಡು. ಗುರುವಾರ ಜ್ವರ ಬಿಟ್ಟಿತು.

ಶುಕ್ರವಾರ ರೊಟ್ಟಿ ಬೇಡ ಅಂದ. ಜ್ವರ ಬಿಟ್ಟ ಬಾಯಿ, ರುಚಿ ಇರಲ್ಲ ಅಂದುಕೊಂಡೆ. ನುಚ್ಚು ಮಜ್ಜಿಗೆ ಕೊಟ್ಟರೆ ಎರಡು ತುತ್ತಿಗೆ ವಾಂತಿ. ಶನಿವಾರ ಬಚ್ಚಲಿಗೆ ಹೋದವನು ಕರೆದ, "ಚಿಗವ್ವಾ, ನೋಡಬಾ ಇಲ್ಲಿ." ಬಿಳಿ ಟೈಲ್ಸಿನ ಮೇಲೆ ಕಡಕ್ ಚಹದ ಬಣ್ಣ. ಅಂಗಳಕ್ಕೆ ಕರೆದುಕೊಂಡು ಬಂದು ಬಿಸಿಲಿಗೆ ಮುಖ ಮಾಡಿಸಿ ರೆಪ್ಪೆ ಎತ್ತಿ ನೋಡಿದೆ. ಒಳಗಿನ ಟ್ಯೂಬ್‌ಲೈಟಿನಲ್ಲಿ ಬೆಳ್ಳಗೆ ಕಂಡಿದ್ದ ಕಣ್ಣು ಬಿಸಿಲಲ್ಲಿ ಅರಿಸಿನ ಬಣ್ಣ. ನೀವೂ ಕಣ್ಣು ನೋಡೋದಾದರೆ ಹಗಲು ಬೆಳಕಲ್ಲಿ ನೋಡಿ, ಲೈಟಿನಲ್ಲಿ ಗೊತ್ತಾಗಲ್ಲ.

ನಾನು ಆ ಗಳಿಗೆಯಲ್ಲಿ ಸೆಂಟರ್‌ಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಶನಿವಾರ ಸಂಜೆ, ಯಾರು ಎತ್ತುತ್ತಾರೆ ಅಂದುಕೊಂಡೆ. ಅವ್ವ ನೋಡಿ "ಕಾಮಣಿ ಆಗೇತಿ, ಔಷಧ ಹಾಕಿಸಿಕೊಂಡು ಬರೋಣ" ಅಂದಳು. ನಮ್ಮ ಕಡೆ ಕಾಮಣಿ ಅಂದರೆ ಮೊದಲು ನೆನಪಾಗೋದೇ ಸೊಪ್ಪಿನ ಔಷಧ. ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಗೆ ಪಕ್ಕದ ಊರಲ್ಲಿ ಸೊಪ್ಪಿನ ರಸ ಕುಡಿಸಿಕೊಂಡು ಬಂದಳು. ಅವ್ವನನ್ನು ದೂರಲ್ಲ, ಅವಳಿಗೆ ಮೊಮ್ಮಗನ ಮೇಲಿನ ಜೀವ ಅಷ್ಟಿಷ್ಟಲ್ಲ. ಆದರೆ ಯಾವ ಸೊಪ್ಪು, ಎಷ್ಟು ರಸ, ಯಾರಿಗೂ ಗೊತ್ತಿಲ್ಲ. ಈಗಾಗಲೇ ಸೋತ ಲಿವರ್ ಮೇಲೆ ಅದೊಂದು.

ಅವತ್ತು ಸಂಜೆ ವಾಂತಿ ನಿಲ್ಲಲೇ ಇಲ್ಲ. ಹತ್ತಿರದ ಒಂದು ಆಸ್ಪತ್ರೆಗೆ ಓಡಿದೆವು. ಡ್ಯೂಟಿಯಲ್ಲಿದ್ದ ಡಾಕ್ಟರ್ ಕೇಳಿದರು, ಬೇರೆ ಏನಾದರೂ ಔಷಧಿ ತಗೋತಾನಾ? ಹೊರಗೆ ನಮ್ಮ ಓಣಿಯವರು ಇಬ್ಬರು ನಿಂತಿದ್ದರು. ನಾನು ಅಂದೆ, "ಇಲ್ರಿ ಸರ್, ಶಕ್ತಿ ಗುಳಿಗೆ ಅಷ್ಟ."

ಈ ಸಾಲು ಬರೆಯೋಕೆ ನನಗೆ ಇವತ್ತಿಗೂ ಕೈ ನಡುಗುತ್ತದೆ. ಅವರು ಆ ಗುಳಿಗೆ ತೋರಿಸಿ ಅಂದರು. ಚೀಲದಿಂದ ಬಾಟ್ಲಿ ತೆಗೆದು ಕೊಟ್ಟೆ. ಲೇಬಲ್ ಇಲ್ಲ. ತಿರುಗಿಸಿ ತಿರುಗಿಸಿ ನೋಡಿದರು, ಮುಚ್ಚಳ ತೆಗೆದು ಮೂಸಿದರು. ಮೆಡಿಕಲ್ ಶಾಪಿನ ಗುಳಿಗೆಯ ಪಟ್ಟಿ ಕೊಟ್ಟೆ, ಹೆಸರು ಇದ್ದ ತುಂಡು ಅಂಗಡಿಯಲ್ಲೇ ಉಳಿದಿತ್ತು, ನಮ್ಮ ತುಂಡಿನ ಮೇಲೆ ಇದ್ದಿದ್ದು ತಾರೀಖಿನ ಅರ್ಧ ಸಾಲು. ಅವರೇನು ಮಾಡ್ತಾರೆ ಪಾಪ. ಸಲೈನ್ ಹಚ್ಚಿ, ಬೆಳಿಗ್ಗೆ ದೊಡ್ಡಾಸ್ಪತ್ರೆಗೆ ಹೋಗಿ ಅಂದರು.

ರಾತ್ರಿಯಿಡೀ ಸಲೈನ್ ಹನಿ ಬೀಳೋದನ್ನು ನೋಡ್ತಾ ಕೂತಿದ್ದೆ. ಬೆಳಿಗ್ಗೆ ಮೊದಲ ಬಸ್ಸಿಗೆ ನವನಗರ. ಬಸ್ಸಿನಿಂದಲೇ ಕೌನ್ಸೆಲರ್ ಮೇಡಂಗೆ ಫೋನ್ ಮಾಡಿದೆ, ಒಂದೇ ರಿಂಗಿಗೆ ಎತ್ತಿದರು. ಶನಿವಾರ ಮಾಡಿದ್ದರೂ ಎತ್ತುತ್ತಿದ್ದರಂತೆ.

ಅಲ್ಲಿ ಎಸ್‌ಜಿಪಿಟಿ 286 ಬಂತು. ಕಾಮಣಿಯ ಅಂಶ, ಬಿಲಿರುಬಿನ್, 3.4. ಅದು 1ರ ಆಸುಪಾಸಿನಲ್ಲಿರಬೇಕು. ದಾಖಲು ಮಾಡಿಕೊಂಡರು. ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅಂತಲೂ ತಪಾಸಣೆ ಮಾಡಿದರು. ಡಾಕ್ಟರ್ ಬಿಡಿಸಿ ಹೇಳಿದರು: ಎಸ್‌ಜಿಪಿಟಿ ಪೆಟ್ಟಾಗಿದೆ ಅಂತ ಹೇಳುತ್ತದೆ, ಲಿವರ್ ಇನ್ನೂ ಕೆಲಸ ಮಾಡುತ್ತಾ ಇದೆಯಾ ಅನ್ನೋದನ್ನು ಹೆಪ್ಪುಗಟ್ಟೋ ತಪಾಸಣೆ ಹೇಳುತ್ತದೆ, ಯಾಕಂದರೆ ಹೆಪ್ಪುಗಟ್ಟಿಸೋ ಪದಾರ್ಥ ತಯಾರಾಗೋದು ಲಿವರ್‌ನಲ್ಲೇ. ಅದು ಸರಿ ಇತ್ತು. ಅದನ್ನು ಕೇಳಿ ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟೆ. ಮಗ ಹಗಲು ಮಂಕಾಗಿ ನಿದ್ದೆ ಮಾಡಿ ರಾತ್ರಿ ಎಚ್ಚರ ಇದ್ದರೆ, ಮಾತು ತಡವರಿಸಿದರೆ ತಕ್ಷಣ ಕರೀರಿ ಅಂತ ನರ್ಸಿಗೂ ನನಗೂ ಹೇಳಿದರು.

ಆಮೇಲೆ ಒಂದೊಂದೇ ಕೇಳಿದರು. ಎಚ್‌ಐವಿ ಗುಳಿಗೆ, ಐಸೋನಿಯಾಜಿಡ್ ಅವರ ದಾಖಲೆಯಲ್ಲೇ ಇತ್ತು. ಬೇರೆ? ಸಿರಪ್ ಹೇಳಿದೆ. ಸೊಪ್ಪಿನ ರಸ ಹೇಳಿದೆ. ಕತ್ತರಿಸಿದ ಪಟ್ಟಿ ತೋರಿಸಿದೆ. ನಮ್ಮ ಮನೆಯವರು ಊರಿಗೆ ವಾಪಸ್ ಹೋಗಿ ಅಂಗಡಿಯಲ್ಲಿ ಉಳಿದ ತುಂಡು ನೋಡಿ ಫೋನಿನಲ್ಲಿ ಅಕ್ಷರ ಅಕ್ಷರ ಓದಿ ಹೇಳಿದರು: ನಿಮೆಸುಲೈಡ್, ಜೊತೆಗೆ ಪ್ಯಾರಾಸಿಟಮಾಲ್. ಡಾಕ್ಟರ್ ಪೆನ್ನು ಕೆಳಗಿಟ್ಟರು. ಲಿವರ್‌ಗೆ ತೊಂದರೆ ಅಂತ ನಿಮೆಸುಲೈಡನ್ನು 12 ವರ್ಷದ ಒಳಗಿನ ಮಕ್ಕಳಿಗೆ ಕೊಡಬಾರದು ಅಂತ ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧ ಮಾಡಿದ್ದಾರೆ. ಅದರ ಮೇಲೆ ಪ್ಯಾರಾಸಿಟಮಾಲ್ ಎರಡು ಕಡೆಯಿಂದ ಹೋಗಿತ್ತು, ಸಿರಪ್ಪಿನಿಂದಲೂ ಗುಳಿಗೆಯಿಂದಲೂ.

"ಯಾವುದರಿಂದ ಆತ್ರಿ ಸರ್?" ಅಂದೆ.

"ಇದರಿಂದನ ಅಂತ ಹೇಳಾಕ ಬರೂದಿಲ್ಲವ್ವಾ. ಐಸೋನಿಯಾಜಿಡ್ ಇರಬಹುದು, ನಿಮೆಸುಲೈಡ್ ಇರಬಹುದು, ನೆವಿರಾಪಿನ್‌ದೂ ಪಾಲು ಇರಬಹುದು. ಎಲ್ಲಾ ಅರಗಿಸೂದು ಒಂದ ಲಿವರ್. ಒಂದ ಎತ್ತಿಗೆ ಎಷ್ಟು ಹೇರ್ತೀರಿ?"

ಬೈಯಲಿಲ್ಲ ಅವರು. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಎಲ್ಲ ಔಷಧಿ ನಿಲ್ಲಿಸಿದರು, ಎಚ್‌ಐವಿಯದ್ದನ್ನೂ. ನಿಲ್ಲಿಸೋ ಮುಂಚೆ ಹೆಪಟೈಟಿಸ್ ಬಿ, ಸಿ ಎರಡನ್ನೂ ಮತ್ತೆ ನೋಡಿದರು, ಇರಲಿಲ್ಲ. ಯಾಕೆ ನೋಡಬೇಕು ಅಂದರೆ, ಲ್ಯಾಮಿವುಡಿನ್ ಹೆಪಟೈಟಿಸ್ ಬಿ ವೈರಸ್ಸನ್ನೂ ಅದುಮಿ ಇಡುತ್ತದೆ. ಬಿ ಇರೋ ಮಗುವಿಗೆ ಅದನ್ನು ಫಟ್ಟನೆ ನಿಲ್ಲಿಸಿದರೆ ಆ ವೈರಸ್ ಎದ್ದು ಲಿವರ್‌ಗೆ ಇನ್ನೂ ದೊಡ್ಡ ಪೆಟ್ಟು ಕೊಡಬಹುದು. ನೋಡಿ, ಇದಕ್ಕೇ ಹೇಳೋದು, ನಿಲ್ಲಿಸೋದೂ ಒಂದು ಚಿಕಿತ್ಸೆ. ಅದನ್ನು ಡಾಕ್ಟರೇ ಮಾಡಬೇಕು. ಕಣ್ಣು ಹಳದಿ ಆಯಿತು ಅಂತ ಮನೆಯಲ್ಲಿ ನಾವೇ ಬಿಡಬಾರದು, ಹಳದಿ ಆದರೂ ಸುಮ್ನೆ ಮುಂದುವರಿಸಲೂಬಾರದು. ಅವತ್ತೇ ಕೇಳಬೇಕು. ಕೆಲವು ಔಷಧಿಯಲ್ಲಿ, ಅಟಜನವಿರ್ ಅಂತ ಒಂದಿದೆ, ಲಿವರ್‌ಗೆ ಏನೂ ಆಗದೆ ಕಣ್ಣು ಮಾತ್ರ ಹಳದಿ ಆಗೋದೂ ಉಂಟು ಅಂತ ಆಮೇಲೆ ತಿಳೀತು. ಮನೆಯಲ್ಲಿ ಕೂತು ನಾವು ಏನು ಕಂಡುಹಿಡಿಯೋಕೆ ಸಾಧ್ಯ, ಅಲ್ವಾ?

ಎಲ್ಲ ನಿಲ್ಲಿಸಿದ ಮೇಲೆ ಇಳೀಬೇಕು ಅಂತ ನಾನು ಕಾದೆ. ಒಂದು ವಾರಕ್ಕೆ ಬಂದಿದ್ದು 341. ರಿಪೋರ್ಟ್ ಹಿಡಿದು ಅಳ್ತಾ ಒಳಗೆ ಹೋದರೆ ಡಾಕ್ಟರ್ ಮೊದಲು ಮಗನ ಮುಖ ನೋಡಿದರು. ಊಟ ಮಾಡಿದ್ಯಾ? ಎರಡು ಇಡ್ಲಿ ತಿಂದೆ ಅಂದ. ಅವನು ಹಸಿವು ಅಂತಿದಾನೆ, ಹೆಪ್ಪುಗಟ್ಟೋದು ಸರಿ ಇದೆ, ಅಂಕಿ ಒಂದಷ್ಟು ದಿನ ಏರಿ ಆಮೇಲೆ ಇಳೀಬಹುದು ಅಂದರು. ಮುಂದಿನ ವಾರ 198. ಆಮೇಲೆ 90. ಆಮೇಲೆ 46. ಆ ಅಂಕಿಗಳನ್ನು ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ, ಯಾರದೋ ತೋಳು ಸುತ್ತಳತೆಯ ಕೆಳಗೆ ಬರೆದಿಟ್ಟಿದ್ದೆ. ಇವತ್ತಿಗೂ ಇದೆ.

ಆ ವಾರಗಳಲ್ಲಿ ನನ್ನನ್ನು ಸುಡುತ್ತಿದ್ದ ಭಯ ಇನ್ನೊಂದು. ಎಚ್‌ಐವಿ ಗುಳಿಗೆ ನಿಂತಿದೆ, ಒಳಗೆ ವೈರಸ್ ಏರುತ್ತಿರಬೇಕು. ಹೆಚ್ಚು ದಿನ ಬಿಟ್ಟರೆ ತೊಂದರೆ, ಬೇಗ ಶುರು ಮಾಡಿದರೂ ತೊಂದರೆ. ಡಾಕ್ಟರ್ ಅದನ್ನೇ ತೂಗಿ ನೋಡ್ತಿದ್ದರು. ಒಂದೂವರೆ ತಿಂಗಳಿಗೆ ಎಸ್‌ಜಿಪಿಟಿ 31 ಬಂದ ಮೇಲೆ ಮತ್ತೆ ಶುರು ಮಾಡಿದರು. ನೆವಿರಾಪಿನ್ ಬಿಟ್ಟು ಅದರ ಜಾಗದಲ್ಲಿ ಎಫಾವಿರೆಂಜ್. ಐಸೋನಿಯಾಜಿಡ್ ಮತ್ತೆ ಕೊಡಲಿಲ್ಲ. ಎಫಾವಿರೆಂಜ್‌ನಲ್ಲೂ ಲಿವರ್ ಮೇಲೆ ಕಣ್ಣಿಡಬೇಕು ಅಂತ ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ರಕ್ತ ತೆಗೆದರು. ಲಿವರ್ ಸುಮ್ಮನಿತ್ತು. ಆದರೆ ಮೊದಲ ಕೆಲವು ವಾರ ರಾತ್ರಿ ಬೆಚ್ಚಿ ಏಳುತ್ತಿದ್ದ, ಮನೆ ತಿರುಗುತ್ತಿದೆ ಅನ್ನುತ್ತಿದ್ದ. ಆ ಔಷಧಿಯಲ್ಲಿ ಹಾಗೆ ಕನಸು ಬೀಳುತ್ತದಂತೆ, ಮಲಗೋ ಹೊತ್ತಿಗೆ ಕೊಡಿ ಅಂದರು, ನಿಧಾನಕ್ಕೆ ಕಡಿಮೆ ಆಯಿತು. ಆರು ತಿಂಗಳಾದ ಮೇಲೆ ವೈರಲ್ ಲೋಡ್ ಮಾಡಿದರು, ವೈರಸ್ ಲೆಕ್ಕಕ್ಕೆ ಸಿಗದಷ್ಟು ಕಡಿಮೆ ಇತ್ತು.

ದಾಖಲಾಗಿದ್ದ ದಿನಗಳಲ್ಲಿ ಕೌನ್ಸೆಲರ್ ಮೇಡಂ ಹೇಳಿದ ಒಂದು ಮಾತು ನನ್ನನ್ನು ಬದಲಾಯಿಸಿತು. "ಅಕ್ಕಾ, ಡಾಕ್ಟರಿಗೆ ಹೇಳೂದು ಬ್ಯಾರೆ, ಊರಿಗೆ ಹೇಳೂದು ಬ್ಯಾರೆ." ಎಚ್‌ಐವಿ ಕಾಯ್ದೆ ಅಂತ ಒಂದಿದೆ, 2017ರದ್ದು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಮ್ಮ ವಿಷಯವನ್ನು ಆಸ್ಪತ್ರೆಯವರು ನಮ್ಮ ಒಪ್ಪಿಗೆ ಇಲ್ಲದೆ ಹೊರಗೆ ಹೇಳೋ ಹಾಗಿಲ್ಲ, ಎಚ್‌ಐವಿ ಇದೆ ಅಂತ ಚಿಕಿತ್ಸೆ ಕೊಡದೆ ಕಳಿಸೋ ಹಾಗೂ ಇಲ್ಲ. ಊರಲ್ಲಿ ಮಾತು ಹೇಗೆ ಹರಡುತ್ತದೆ ಅಂತ ನನಗೂ ಗೊತ್ತು, ಕಾಯ್ದೆ ಇದ್ದ ಮಾತ್ರಕ್ಕೆ ಭಯ ಹೋಗಲ್ಲ. ಆದರೆ ಹೊರಗೆ ಓಣಿಯವರು ನಿಂತಿದ್ದರೆ, ಸರ್ ಬಾಗಿಲು ಹಾಕ್ರಿ, ಒಂದು ಮಾತು ಹೇಳೋದಿದೆ ಅಂತ ಕೇಳಬಹುದಿತ್ತಲ್ಲ. ನನಗೆ ಅಷ್ಟೂ ತೋಚಿರಲಿಲ್ಲ.

ಊರಿಗೆ ಬಂದ ಮೇಲೆ ಲೇಬಲ್ ಕೀಳೋದು ಬಿಟ್ಟೆ. ಬಾಟ್ಲಿಯನ್ನು ಹೊಲಿಗೆ ಮಷಿನ್ನಿನ ಡ್ರಾದಲ್ಲಿ ಇಟ್ಟು ಬೀಗ ಹಾಕ್ತೀನಿ. ಮೆಡಿಕಲ್ ಶಾಪಿನಲ್ಲಿ ಪಟ್ಟಿ ಕತ್ತರಿಸಿದರೆ ಹೆಸರಿರೋ ತುಂಡೇ ಬೇಕು ಅಂತೀನಿ, ಇಲ್ಲವೇ ಪೂರ್ತಿ ಪಟ್ಟಿ ಕೊಳ್ತೀನಿ. ಅವ್ವನಿಗೂ ಕೂರಿಸಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು "ನನಗ ಮೊದಲ ಹೇಳಿದ್ರ ನಾ ಯಾಕ ಒಯ್ಯತಿದ್ದೆ" ಅಂದಳು. ನಿಜ. ಅವಳಿಗೂ ನಾನು ಶಕ್ತಿ ಗುಳಿಗೆ ಅಂತಲೇ ಹೇಳಿದ್ದೆ.

2022ರಲ್ಲಿ ಮಗನಿಗೆ 12 ವರ್ಷ, 31 ಕಿಲೋ. ಡೊಲುಟೆಗ್ರಾವಿರ್ ಇರೋ ಗುಳಿಗೆಗೆ ಬದಲಾಯಿಸಿದರು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಒಂದರಲ್ಲೇ, ರಾತ್ರಿ ಒಂದು. ಮತ್ತೆ ಹೊಸ ಔಷಧಿ ಅಂದಾಗ ನನ್ನ ಕೈಕಾಲು ತಣ್ಣಗಾದವು. ನೆವಿರಾಪಿನ್‌ಗಿಂತ ಲಿವರ್‌ಗೆ ಇದು ಹಗುರ ಅಂದರು. ಆದರೂ ಶುರು ಮಾಡೋ ಮುಂಚೆ ಎಸ್‌ಜಿಪಿಟಿ, ಟೆನೊಫೊವಿರ್ ಇರೋದರಿಂದ ಕಿಡ್ನಿಗೆ ಕ್ರಿಯಾಟಿನಿನ್, ಎರಡೂ ನೋಡಿದರು. ಇನ್ನೂ ಸಣ್ಣ ಮಕ್ಕಳಿಗೆ 10 ಮಿಲಿಗ್ರಾಂನ, ನೀರಲ್ಲಿ ಕರಗೋ ಡೊಲುಟೆಗ್ರಾವಿರ್ ಗುಳಿಗೆ ಬಂದಿದೆ. ನಮ್ಮ ಮಗನ ಕಾಲಕ್ಕೆ ಅದಿರಲಿಲ್ಲ.

ಈ ಗುಳಿಗೆಗೆ ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ, ಹೊಟ್ಟೆ ಉರಿಗೆ ಕೊಡೋ ಆಂಟಾಸಿಡ್ ಅಡ್ಡ ಬರುತ್ತವೆ, ಔಷಧಿ ಮೈಗೆ ಹತ್ತೋಕೆ ಬಿಡಲ್ಲ. ಅವುಗಳಿಗಿಂತ 2 ತಾಸು ಮೊದಲು ಇಲ್ಲವೇ 6 ತಾಸು ಆದ ಮೇಲೆ ತಗೋಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕಬ್ಬಿಣದ ಗುಳಿಗೆ ಕೊಡ್ತಾರಲ್ಲ, ಅದು ನೆನಪಾಗಿ ಕೇಳಿದೆ. ಮಧ್ಯಾಹ್ನ ಊಟ ಆದ ಮೇಲೆ ಅದು, ರಾತ್ರಿ 9ಕ್ಕೆ ಇದು, ಸರಿಹೋಗುತ್ತದೆ ಅಂದರು. ಶಾಲೆಯಲ್ಲಿ ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಮನೆಯಲ್ಲಿ ಕೂತು ಕೇಳೋಕೆ ಯಾರೂ ಇಲ್ಲ ಅನ್ನೋರಿಗೆ 1097 ಅಂತ ಎಚ್‌ಐವಿ ಸಹಾಯವಾಣಿಯ ಪುಕ್ಕಟೆ ಫೋನ್ ಇದೆ, ಹೆಸರು ಹೇಳಬೇಕಿಲ್ಲ.

ಅದೇ ವರ್ಷ ಎಚ್‌ಐವಿ ವಿಷಯ ಮಗನಿಗೂ ಹೇಳಿದೆವು, ಕೌನ್ಸೆಲರ್ ಮೇಡಂ ಎದುರಿಗೆ. ಮೊದಲು ಕೇಳಿದ್ದು ತನ್ನನ್ನು ಹೆತ್ತ ಅವ್ವನ ಬಗ್ಗೆ. ಅವಳಿಗೂ ಈ ಗುಳಿಗೆ ಕೊಟ್ಟಿದ್ದರಾ? ಆಮೇಲೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ರಾತ್ರಿ ಡ್ರಾದ ಕೀಲಿ ಕೊಡು ಅಂದ, ತಾನೇ ತೆಗೆದು ನುಂಗಿದ.

ಈ ಮಳೆಗಾಲದಲ್ಲಿ ಅವನಿಗೆ ಜ್ವರ ಬಂತು. ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ನಮ್ಮ ಸರದಿ ಬಂದು ಒಳಗೆ ಹೋದಾಗ, ನಾನು ಬಾಯಿ ತೆಗೆಯೋ ಮುಂಚೆ ಅವನು ಬಾಗಿಲು ಎಳೆದು ಮುಚ್ಚಿ, ಕಂಪಾಸ್ ಬಾಕ್ಸಿನಿಂದ ಮಡಚಿದ ಕಾಗದ ತೆಗೆದು ಡಾಕ್ಟರ್ ಮುಂದೆ ಇಟ್ಟ. ಮೂರು ಔಷಧಿಯ ಹೆಸರು, ಎಷ್ಟು ಹೊತ್ತಿಗೆ ತಗೋತಾನೆ, 2019ರಲ್ಲಿ ಐಸೋನಿಯಾಜಿಡ್ ನಡೆದಿದ್ದಾಗ ಕಾಮಣಿ ಆಗಿತ್ತು, ನಿಮೆಸುಲೈಡ್ ಬೇಡ, ಹೆಪಟೈಟಿಸ್ ಬಿ ಇಲ್ಲ, ತೂಕ 38 ಕಿಲೋ. ಎಲ್ಲ ಅವನದೇ ಅಕ್ಷರ. ಡಾಕ್ಟರ್ ಓದಿದರು, ಅದಾಗಲೇ ಚೀಟಿಯಲ್ಲಿ ಬರೆಯೋಕೆ ಶುರು ಮಾಡಿದ್ದ ಒಂದು ಸಾಲು ಹೊಡೆದು ಹಾಕಿದರು, ಪ್ಯಾರಾಸಿಟಮಾಲ್ 500, ಆರು ತಾಸಿಗೊಮ್ಮೆ, ಜ್ವರ ಇದ್ದರೆ ಮಾತ್ರ ಅಂತ ಬರೆದರು. ಮೂರು ದಿನದಲ್ಲಿ ಇಳಿಯದಿದ್ದರೆ ಬಾ ಅಂತ ಅವನಿಗೇ ಹೇಳಿದರು. ಕಾಗದವನ್ನು ಅದೇ ಮಡಿಕೆಗೆ ಮಡಚಿ ಅವನ ಕೈಗೆ ಕೊಟ್ಟರು.